ಐದು ಸಲ ಸತ್ತವಳು

ಕುಡುಗೋಲು ಎತ್ತಿ ನಿಂತಿದ್ದ ದೆವ್ವ, ಕೊಲ್ಲುವುದನ್ನು ಬಿಟ್ಟು, ಇದ್ದಕ್ಕಿದ್ದಂತೆ ಬಗ್ಗಿ ಅವಳ ಪಾದ ಹಿಡಿದುಕೊಂಡಿತು.

"ರೀ... ಕಾಲಿಗೆ ಮೊಳೆ ಚುಚ್ಚಿತಾ?"

ಸಾಯಲು ಸಿದ್ಧಳಾಗಿ ಹುಲ್ಲಿನ ಮೇಲೆ ಬಿದ್ದಿದ್ದ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಹೊಲಿದ ಬಾಯಿ, ಬೂದಿ ಬಣ್ಣದ ಕೆನ್ನೆ, ನೆಲ ಗುಡಿಸುವ ಗೋಣಿಯ ನಿಲುವಂಗಿ... ಇಷ್ಟೆಲ್ಲ ಭಯಂಕರ ರೂಪದ ಒಳಗಿನಿಂದ ಬಂದ ದನಿ ಮಾತ್ರ ಪಕ್ಕದ ಮನೆಯವರು ಕಷ್ಟಸುಖ ವಿಚಾರಿಸಿದ ಹಾಗಿತ್ತು.

ಮೊಳೆ ನಿಜವಾಗಿಯೂ ಚುಚ್ಚಿತ್ತು. ಅವಳ ಮೈಮೇಲೆ ಚೆಲ್ಲಿದ್ದ ರಕ್ತವೆಲ್ಲ ಬಣ್ಣದ ನೀರು. ಹಿಮ್ಮಡಿಯ ಒಂದು ಹನಿ ಮಾತ್ರ ಅವಳ ಸ್ವಂತದ್ದು. ಅಷ್ಟು ಜನರಲ್ಲಿ ಅದು ಕಂಡಿದ್ದು ಕೊಲ್ಲಲು ಬಂದವನಿಗೊಬ್ಬನಿಗೇ.

"ಕಟ್!" ಎಂದು ನಿರ್ದೇಶಕ ಕುರ್ಚಿಯಿಂದ ಎದ್ದ. "ಶಾಟ್ ಮಧ್ಯೆ ಕ್ಷೇಮಸಮಾಚಾರ ಕೇಳೋ ದೆವ್ವಾನ ನಾನು ಈ ಜನ್ಮದಲ್ಲಿ ನೋಡಿಲ್ಲ."

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವಳೂ ನಕ್ಕಳು. ಆದರೆ ಆ ದೊಡ್ಡ ಕೈಗಳು ಅವಳ ಪಾದವನ್ನು ಇನ್ನೂ ಬಿಟ್ಟಿರಲಿಲ್ಲ. ಇದೇನಿದು... ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ಇದು ಹೆದರಿಕೆಯಂತೂ ಅಲ್ಲ.

ಆ ದೆವ್ವ ಅಸಲಿಗೆ ನಟನೇ ಅಲ್ಲ, ಸೆಟ್ಟಿನ ಬಡಗಿ. ದೆವ್ವದ ಪಾತ್ರಕ್ಕೆಂದು ಬಂದಿದ್ದ ನಟ ಮುಖವಾಡದ ತುರಿಕೆ ತಾಳಲಾರದೆ ಹೇಳದೆ ಕೇಳದೆ ಓಡಿಹೋಗಿದ್ದ. ಮುಖ ಹೇಗೂ ಕಾಣುವುದಿಲ್ಲವಲ್ಲ, ಯಾರಾದರೇನು ಎಂದು ನಿರ್ದೇಶಕ ಕೈಗೆ ಸಿಕ್ಕ ಬಡಗಿಯನ್ನೇ ಗೋಣಿಯೊಳಗೆ ತೂರಿಸಿದ. ಎತ್ತರಕ್ಕೆ ಮರದ ಅಟ್ಟೆಯ ಬೂಟು, ಮೈ ತುಂಬಿಕೊಳ್ಳಲು ಒಳಗೆ ಹತ್ತಿ, ಕೈಗೆ ಚರ್ಮದ ಗವಸು. ಅದರೊಳಗೆ ಯಾರು ಹೊಕ್ಕರೂ ಒಂದೇ ದೆವ್ವ.

ಸಿನಿಮಾ ಅಂದರೆ ದೊಡ್ಡದೇನಲ್ಲ. ಊರಾಚೆ ಹೊಲದ ನಡುವೆ ಪಾಳುಬಿದ್ದ ಒಂದು ಧಾನ್ಯದ ಉಗ್ರಾಣ, ಒಂದು ಕ್ಯಾಮೆರಾ, ಒಂದೇ ಒಂದು ಮುಖವಾಡ. ಉಗ್ರಾಣದೊಳಗೆ ಬೀಗ ಬಿದ್ದು ಸತ್ತ ಕಾವಲುಗಾರ ದೆವ್ವವಾಗಿದ್ದಾನೆ, ಬಾಗಿಲು ತೆಗೆದವರನ್ನೆಲ್ಲ ಕತ್ತರಿಸುತ್ತಾನೆ. ಕಥೆ ಇಷ್ಟೇ. ರಾತ್ರಿ ಚಿತ್ರೀಕರಣಕ್ಕೆ ಬೇಕಾದ ದೀಪಗಳಿಲ್ಲದ್ದರಿಂದ, ಕಿಟಕಿಗಳಿಗೆ ಹಲಗೆ ಹೊಡೆದು ಕಪ್ಪು ಬಟ್ಟೆ ಕಟ್ಟಿ ಹಾಡಹಗಲಲ್ಲೇ ಒಳಗೆ ಅಮಾವಾಸ್ಯೆ ಮಾಡಿಕೊಂಡಿದ್ದರು.

ನಮ್ಮ ಹುಡುಗಿಗೆ ಅದರಲ್ಲಿ ಸಾಯುವ ಕೆಲಸ. ಒಂದು ಸಲವಲ್ಲ, ಐದು ಸಲ! ಒಮ್ಮೆ ಗುಂಗುರು ಕೂದಲು, ಒಮ್ಮೆ ಜಡೆ, ಒಮ್ಮೆ ಬಾಬ್ ಕಟ್... ಕೂದಲು ಬದಲಾಯಿಸುತ್ತಿದ್ದಳು, ಸಾಯುತ್ತಿದ್ದಳು. ಬೇರೆ ನಟಿಯರನ್ನು ಕರೆಸುವ ತಾಕತ್ತು ನಿರ್ದೇಶಕನಿಗೆ ಇರಲಿಲ್ಲ. ಮನೆಯಲ್ಲೇ ಒಬ್ಬಳಿದ್ದಳಲ್ಲ. ಯಾಕೆಂದರೆ ನಿರ್ದೇಶಕ ಅವಳ ಒಡಹುಟ್ಟಿದ ಅಣ್ಣ.

ಅಣ್ಣನೆಂದರೆ ಅವಳಿಗೆ ಅಪ್ಪ ಅಮ್ಮ ಎರಡೂ. ಹೆತ್ತವರು ಹೋದಾಗ ಅವಳಿನ್ನೂ ಹಾಲುಹಲ್ಲಿನ ಹುಡುಗಿ. ಸೊಟ್ಟಸೊಟ್ಟಗೆ ಜಡೆ ಹೆಣೆದು ಶಾಲೆಗೆ ಕಳಿಸಿದವನು ಅವನು. ಓದಿಸಿ, ನರ್ಸಿಂಗ್ ತರಬೇತಿಗೆ ಸೇರಿಸಿದವನೂ ಅವನೇ. ಆಮೇಲೆ ಸಿನಿಮಾ ಹುಚ್ಚು ನೆತ್ತಿಗೇರಿ, "ಒಂದೇ ಒಂದು ಸಿನಿಮಾ, ನಿನ್ನ ಬಿಟ್ರೆ ನನಗ್ಯಾರಿದ್ದಾರೆ ಪುಟ್ಟಿ" ಎಂದು ಅದೇ ತರಬೇತಿಯನ್ನು ನಡುವೆ ಬಿಡಿಸಿ ಕರೆತಂದವನೂ ಅವನೇ. ಪುಟ್ಟಿ ಎಂದು ಈ ಲೋಕದಲ್ಲಿ ಅವಳನ್ನು ಕರೆಯುವುದು ಅವನೊಬ್ಬನೇ. ಆ ಹೆಸರು ಕೇಳಿದರೆ ಅವಳ ಬಾಯಿಂದ 'ಇಲ್ಲ' ಎನ್ನುವ ಮಾತೇ ಹೊರಡುತ್ತಿರಲಿಲ್ಲ.

ಮೊಳೆಯ ಘಟನೆಯಾದ ಮೇಲೂ ಬಡಗಿ ಸುಧಾರಿಸಲಿಲ್ಲ. ಕತ್ತು ಹಿಸುಕುತ್ತಾ "ಜೋರಾಯ್ತಾ ರೀ?" ಎನ್ನುತ್ತಿದ್ದ. ಕೊನೆಗೆ ಅಣ್ಣ ರೋಸಿಹೋಗಿ, ಮುಖವಾಡದ ಕೆಳಭಾಗವನ್ನು ತುಟಿಯ ಸುತ್ತ ಅಂಟು ಹಾಕಿ ಮೆತ್ತಿಸಿಬಿಟ್ಟ. ಬೆಳಗ್ಗೆ ಅಂಟಿಸಿದರೆ ಸಂಜೆ ಮೇಕಪ್ ಅಕ್ಕ ಬಿಸಿನೀರಲ್ಲಿ ನೆನೆಸಿ ಬಿಡಿಸುವವರೆಗೂ ದೆವ್ವಕ್ಕೆ ಮಾತಿಲ್ಲ. ಬಾಯೊಳಗೇ 'ಹ್ಞೂಂ' ಅನ್ನಬಹುದು, 'ಉಹ್ಞೂಂ' ಅನ್ನಬಹುದು, ಅಷ್ಟೇ.

ನೀವೇ ಹೇಳಿ, ಎದುರಿಗಿರುವವರು ಮಾತಾಡುವಂತಿಲ್ಲ, ಬರೀ ಕೇಳಬೇಕು ಅಂದರೆ ಯಾವ ಹುಡುಗಿ ತಾನೆ ಸುಮ್ಮನಿದ್ದಾಳು? ಶಾಟುಗಳ ನಡುವೆ ಹುಲ್ಲಿನ ಮೆದೆಗೆ ಒರಗಿ ಅವಳು ವಟಗುಟ್ಟುತ್ತಿದ್ದಳು. ತರಬೇತಿಯಲ್ಲಿ ಮೊದಲ ಇಂಜೆಕ್ಷನ್ ಕೊಟ್ಟಾಗ ರೋಗಿಗಿಂತ ಮೊದಲು ತಾನೇ ತಲೆ ಸುತ್ತಿ ಬಿದ್ದದ್ದು, ಹಾಸ್ಟೆಲಿನ ಗೆಳತಿಯರು, ಕಟ್ಟಿಟ್ಟ ಬಿಳಿ ಸಮವಸ್ತ್ರ. ದೆವ್ವ ಕುಡುಗೋಲನ್ನು ಮಡಿಲಲ್ಲಿಟ್ಟುಕೊಂಡು ಹ್ಞೂಂಗುಟ್ಟುತ್ತಿತ್ತು. ಸಂಜೆ ಅಂಟು ಬಿಡಿಸಿ ಕೆಂಪಾದ ಅವನ ಕೆನ್ನೆಗೆ ಅವಳು ಮುಲಾಮು ಹಚ್ಚುತ್ತಿದ್ದಳು. ಆಗ ಮಾತಾಡುವ ಅವಕಾಶವಿದ್ದರೂ ಅವನಿಗೆ ಮಾತೇ ಬರುತ್ತಿರಲಿಲ್ಲ!

ಅಂಥವನು ಒಂದು ಸಂಜೆ ನೀರಿನ ತೊಟ್ಟಿಯ ಹತ್ತಿರ, ಒದ್ದೆ ಮುಖದಲ್ಲೇ ಕೇಳಿಬಿಟ್ಟ.

"ಶುಕ್ರವಾರ ನನ್ನ ಕೆಲಸ ಮುಗಿಯುತ್ತೆ. ಮರದ ಲಾರಿ ಬರುತ್ತೆ, ಹೋಗ್ತೀನಿ. ನಿಮ್ಮ ತರಬೇತಿ ಶಾಲೆ ಇರೋ ಊರಲ್ಲೇ ನನ್ನ ಶೆಡ್ಡು. ನೀವು ಮತ್ತೆ ಸೇರ್ಕೊಂಡ್ರೆ... ಅಂದ್ರೆ, ನನಗೋಸ್ಕರ ಅಲ್ಲ, ಸೇರ್ಕೊಳ್ಳಿ. ನನಗೋಸ್ಕರವೂ ಆದ್ರೆ, ನನಗಿಂತ ಅದೃಷ್ಟವಂತ ಇಲ್ಲ."

ಹ್ಞೂಂ ಅನ್ನು, ಹ್ಞೂಂ ಅನ್ನು ಎಂದು ಅವಳ ಮನಸ್ಸು ಕುಣಿಯಿತು. ಅಷ್ಟರಲ್ಲಿ ಆ ಕಡೆಯಿಂದ "ಪುಟ್ಟೀ" ಎಂದು ಅಣ್ಣ ಕೂಗಿದ. ಅವಳು ತಿರುಗಿ ಅಣ್ಣನತ್ತ ನೋಡಿದಳು. ಅಷ್ಟೇ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಬಡಗಿ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಅವಳು ಅಣ್ಣನತ್ತ ನೋಡಿದ್ದನ್ನೇ ಅವನು ಉತ್ತರ ಎಂದುಕೊಂಡ.

ಅಣ್ಣ ಕರೆದದ್ದು ಯಾಕೆ ಅಂತೀರಿ? ಸಿನಿಮಾದ ಎರಡನೇ ಭಾಗವನ್ನೂ ಇಲ್ಲೇ, ಇದೇ ಉಗ್ರಾಣದಲ್ಲಿ, ಕೂಡಲೇ ಶುರು ಮಾಡುವುದಾಗಿ ಹೇಳಲು. ಅದರಲ್ಲಿ ಅವಳು ಇನ್ನೂ ಚೆನ್ನಾಗಿ ಸಾಯುತ್ತಾಳಂತೆ. ಸೋಮವಾರ ತರಬೇತಿ ಶಾಲೆಗೆ ಮರುಪ್ರವೇಶದ ಕಡೆಯ ದಿನ. ಅದನ್ನು ಅಣ್ಣನಿಗೆ ಹೇಳಬೇಕೆಂದು ಬಾಯಿ ತೆರೆದಳು. "ಆಗಲಿ ಅಣ್ಣ" ಎಂಬ ಮಾತು ಹೊರಗೆ ಬಂತು.

ಆಮೇಲೆ ಬಡಗಿ ಅವಳ ಕಣ್ಣಿಗೆ ಬೀಳದಂತೆ ಓಡಾಡಿದ. ಶಾಟು ಮುಗಿದರೆ ಎದ್ದು ಹೋಗುತ್ತಿದ್ದ. ಹೇಗೆ ಹೇಳಲಿ? ಯಾವಾಗ ಹೇಳಲಿ? ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಶುಕ್ರವಾರ ಬಂದೇಬಿಟ್ಟಿತು. ಮಧ್ಯಾಹ್ನ ಎಲ್ಲರೂ ಹೊಲದಾಚೆಯ ಮರದಡಿ ಊಟಕ್ಕೆ ಕೂತಿದ್ದರು. ಎಲ್ಲರೂ ಮಾವ ಎಂದೇ ಕರೆಯುವ ಕ್ಯಾಮೆರಾದವರು ತಟ್ಟೆಯಿಂದ ತಲೆ ಎತ್ತಿ ಅವಳನ್ನು ಕರೆದರು. ಬಾಗಿಲ ಶಾಟು ಇನ್ನೊಂದು ಬೇಕಂತೆ, ದೆವ್ವ ಆಗಲೇ ಒಳಗಿದೆ, ಒಂದು ರಿಹರ್ಸಲ್ ಮುಗಿಸಿಕೊಂಡು ಬಾ ಎಂದರು.

ದೆವ್ವ ಒಳಗಿದೆ! ಅಂದರೆ ಅವನು ಇನ್ನೂ ಹೋಗಿಲ್ಲ! ಸಾಯುವ ಮನೆಗೆ ಅಷ್ಟು ಸಂಭ್ರಮದಿಂದ ಓಡಿದವಳು ಇವಳೊಬ್ಬಳೇ ಇರಬೇಕು.

ಒಳಗೆ ಗವ್ವೆನ್ನುವ ಕತ್ತಲು. ಮೂಲೆಯಲ್ಲಿ ಹೊಗೆಗೆಂದು ಹೊಟ್ಟು ತುಂಬಿಟ್ಟಿದ್ದ ಬಾಣಲೆ ಕೆಂಡವಾಗಿ ಮಿನುಗುತ್ತಿತ್ತು. ಆ ಕೆಂಪಿನಲ್ಲಿ ಗೋಣಿಯ ಆಕೃತಿ ಮುಂದೆ ಬಂತು, ಶಾಟಿನಲ್ಲಿ ಇರುವಂತೆ ಅವಳ ಹಿಂದಿನಿಂದ ಬಾಗಿಲನ್ನು ರಪ್ಪನೆ ಮುಚ್ಚಿತು. ಹೊರಗಡೆ ಠಣ್ ಎಂದು ಏನೋ ಬಿದ್ದ ಸದ್ದು.

ಅವಳು ಬಾಗಿಲು ತಳ್ಳಿದಳು. ಅಲುಗಲಿಲ್ಲ. ದೆವ್ವವೂ ಬಂದು ಹೆಗಲು ಕೊಟ್ಟಿತು. ಊಹ್ಞೂಂ. ಇಷ್ಟು ದಿನವೂ ಬಾಗಿಲಿಗೆ ಇದ್ದದ್ದು ಹಗುರ ಮರದ ಸುಳ್ಳು ಅಗುಳಿ. ಈಗ ಬಿದ್ದದ್ದು ಉಗ್ರಾಣದ ಹಳೆಯ ಕಬ್ಬಿಣದ ಅಗುಳಿ, ಅದೂ ಹೊರಗಡೆಯಿಂದ.

ಅವಳು ಕೂಗಿದಳು. ಬಾಗಿಲು ಬಡಿದು, ಗಂಟಲು ಹರಿಯುವಂತೆ, ಯಾರಾದರೂ ಬನ್ನಿ ಎಂದು ಕೂಗಿದಳು. ಅಯ್ಯೋ, ಅದೇ ತಾನೆ ಅವಳು ದಿನವೂ ಕೂಗುತ್ತಿದ್ದ ಮಾತು! ಮರದಡಿ ಊಟಕ್ಕೆ ಕೂತವರು, ರಿಹರ್ಸಲ್ ಜೋರಾಗಿದೆ ಎಂದು ಮೆಚ್ಚಿಕೊಂಡು ಇನ್ನೊಂದು ತುತ್ತು ಕಲಸಿದರು.

ದೆವ್ವ ಅವಳ ತೋಳು ಹಿಡಿದು ಏನೋ ಹೇಳಲು ಹವಣಿಸಿತು. ತನ್ನ ಎದೆಯನ್ನು ಬೆರಳಿಂದ ಕುಟ್ಟಿಕೊಂಡಿತು, ಉಹ್ಞೂಂ ಉಹ್ಞೂಂ ಎಂದಿತು. ಹೆದರಬೇಡ, ನಾನಿದ್ದೀನಿ ಎನ್ನುತ್ತಿದ್ದಾನೆ ಎಂದುಕೊಂಡಳು ಪಾಪದ ಹುಡುಗಿ. ಅಲ್ಲಿಗೆ ಅವಳ ಕಟ್ಟೆ ಒಡೆಯಿತು.

"ಏನೂ ಹೇಳಬೇಡಿ. ಈಗ ನನಗೆ ಹೇಳೋಕೆ ಬಿಡಿ. ಬಾಗಿಲು ತೆಗೆದ್ರೆ ನನ್ನ ಧೈರ್ಯ ಹೊರಟುಹೋಗುತ್ತೆ."

ಆಕೃತಿ ಅವಳ ತೋಳು ಬಿಟ್ಟಿತು.

"ಅವತ್ತು ನಾನು ಬರಲ್ಲ ಅಂತ ಅಣ್ಣನ ಕಡೆ ನೋಡಿದ್ದಲ್ಲ. ಅಣ್ಣನ್ನ ಬಿಟ್ಟು ಹೇಗೆ ಬರಲಿ ಅಂತ ನೋಡಿದ್ದು. ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಇದನ್ನ ನಿಮಗೆ ಹೇಳೋಕೂ ಆಗಲಿಲ್ಲ, ಅವನಿಗೆ ಹೇಳೋಕೂ ಆಗಲಿಲ್ಲ."

ಹೊಗೆ ಕಣ್ಣಿಗೆ ಅಡರುತ್ತಿತ್ತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಹಾಗೇ ಕುಸಿದು ಕೂತಳು. ಎದುರಿಗೆ ಅವನೂ ಕೂತ.

"ಈ ದೆವ್ವದ ಕಥೆ ಅಣ್ಣ ಎಲ್ಲಿಂದ ತಂದ ಗೊತ್ತಾ? ನಾನು ಚಿಕ್ಕವಳಿದ್ದಾಗ ಅವನು ಕೆಲಸಕ್ಕೆ ಹೋಗ್ವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಿದ್ದ. ನನ್ನ ಒಳ್ಳೇದಕ್ಕೇ, ನೋಡ್ಕೊಳ್ಳೋರು ಯಾರಿದ್ರು? ನಾನು ಬಾಗಿಲು ತೆಗೆಯೋಕೆ ಹೋಗಬಾರದು ಅಂತ ಕಥೆ ಹೇಳ್ತಿದ್ದ. ಬಾಗಿಲು ತೆಗೆದೋರನ್ನ ದೆವ್ವ ಕತ್ತರಿಸುತ್ತೆ ಪುಟ್ಟಿ, ಅಣ್ಣ ಬರೋವರೆಗೂ ಒಳಗೇ ಇರು ಅಂತ. ಆ ಬೀಗ ಯಾವತ್ತೋ ಹೋಯ್ತು. ನಾನು ಮಾತ್ರ ಇನ್ನೂ ಒಳಗೇ ಕೂತಿದ್ದೀನಿ. ಅವನ ಮೇಲೆ ಕೋಪ ಇಲ್ಲ. ಕೋಪ ಬಂದಿದ್ರೆ ಎಷ್ಟೋ ಸುಲಭ ಆಗ್ತಿತ್ತು. ಅವನು ನನಗೆ ಎಷ್ಟು ಮಾಡಿದಾನೆ ಅಂದ್ರೆ... ಬಿಟ್ಟು ಹೋಗ್ತೀನಿ ಅನ್ನೋಕೆ ನನಗೆ ಬಾಯೇ ಇಲ್ಲ. ನಿಮ್ಮ ಬಾಯಿಗಾದ್ರೆ ಬೆಳಗ್ಗೆ ಅಂಟು ಹಾಕ್ತಾರೆ. ನನಗೆ ಯಾವಾಗ ಹಾಕಿದ್ರೋ."

ಕತ್ತಲಲ್ಲಿ ಅವನು ಹ್ಞೂಂ ಅನ್ನಲಿಲ್ಲ. ಉಹ್ಞೂಂ ಅನ್ನಲೂ ಇಲ್ಲ.

ಅವಳಿಗೆ ಕೆಮ್ಮು ಬಂತು. ಎದ್ದು ನೋಡಿದರೆ ಬಾಣಲೆಯ ಹೊಟ್ಟು ಪೂರಾ ಹತ್ತಿಕೊಂಡಿತ್ತು. ಗೋಣಿಚೀಲ ಎಳೆದು ಅದರ ಮೇಲೆ ಹಾಕಿದಳು. ಕೆಂಡ ಆರಿತು, ಹೊಗೆ ಎರಡರಷ್ಟಾಯಿತು. ಇದ್ದ ಒಂದು ಚೂರು ಬೆಳಕೂ ಹೋಯಿತು. ಅವಳು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ನೆಲಕ್ಕೆ ಬಾಗಿದಳು. ಆಗಲೇ ಆ ಸದ್ದು ಕೇಳಿತು. ಅವನು ಕೆಮ್ಮುತ್ತಿದ್ದ. ಬಾಯಿ ತೆರೆಯಲಾಗದೆ, ಮೂಗಿನಲ್ಲೇ, ಗೊರ್ ಗೊರ್ ಎಂದು.

ಅವಳೊಳಗಿನ ಅರ್ಧ ಮುಗಿದ ನರ್ಸು ಥಟ್ಟನೆ ಎದ್ದು ಕೂತಳು. ತಡಕಾಡಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಮುಖವಾಡದ ಅಂಚಿಗೆ ಬೆರಳು ತೂರಿಸಿದರೆ ಗವಸಿನ ಕೈ ಅಡ್ಡ ಬಂತು. ಬೇಡ, ಹರಿಯಬೇಡ ಎನ್ನುವಂತೆ. ಇರುವುದು ಒಂದೇ ಮುಖವಾಡ. ಅದು ಹರಿದರೆ ಸಿನಿಮಾವೇ ನಿಂತಿತು.

"ಸುಡುಗಾಡು ಮುಖವಾಡ. ಮನುಷ್ಯ ಉಳಿದ್ರೆ ತಾನೆ ಸಿನಿಮಾ" ಎಂದವಳೇ ಆ ಕೈಯನ್ನು ಸರಿಸಿ, ಅಂಚು ಹಿಡಿದು ಚರ್ರನೆ ಎಳೆದಳು. ಅವನು ನೋವಿಗೆ ಮುಲುಗಿದ. ಇನ್ನೊಮ್ಮೆ ಎಳೆದಳು. ರಬ್ಬರು ಹರಿದು ಕೈಗೆ ಬಂತು. ಅವನು ಬಾಯಿ ತೆರೆದು, ಮುಳುಗಿ ಎದ್ದವನಂತೆ ಉಸಿರೆಳೆದುಕೊಂಡ.

ಆ ಬಾಯಿಂದ ಬಂದ ಮೊದಲ ಮಾತು:

"ಪುಟ್ಟಿ..."

ಅವಳ ಎದೆ ಧಸಕ್ಕೆಂದಿತು.

ಅಣ್ಣ!

ಭೂಮಿ ಬಾಯ್ಬಿಡಬಾರದೇ ಎನಿಸಿತು. ಇಷ್ಟು ಹೊತ್ತು... ಅದೆಲ್ಲವನ್ನೂ... ಪ್ರಾಣ ಅಂದದ್ದು, ಬೀಗ ಅಂದದ್ದು, ಎಲ್ಲವನ್ನೂ ಕೇಳಿಸಿಕೊಂಡದ್ದು ಅಣ್ಣ!

"ಬಡಗಿ ಬೆಳಗ್ಗೆನೇ ನನ್ನಿಂದ ಆಗಲ್ಲ, ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ ಅಂದ" ಎಂದ ಅಣ್ಣ, ಕೆಮ್ಮಿನ ನಡುವೆ. "ಯಾಕೆ ಅಂತ ಕೇಳಿದ್ರೆ ಹೇಳಲಿಲ್ಲ. ಬೇರೆ ಯಾರೂ ಇರಲಿಲ್ಲ, ನಾನೇ ಹಾಕ್ಕೊಂಡೆ. ಹಿಂದಿನ ಶಾಟಿನ ಹಾಗೇ ಕಾಣಲಿ ಅಂತ ಅಂಟೂ ಹಾಕಿಸ್ಕೊಂಡೆ. ಮೊದ್ಲು ನಾನಮ್ಮಾ ನಾನು ಅಂತ ಹೇಳೋಕೆ ನೋಡ್ದೆ. ನೀನು ಕೇಳಲಿಲ್ಲ. ಆಮೇಲೆ... ನಾನೇ ಸುಮ್ಮನಾದೆ. ಇಷ್ಟು ವರ್ಷದಲ್ಲಿ ನೀನು ಮಾತಾಡಿದ್ದನ್ನ ನಾನು ಪೂರ್ತಿ ಕೇಳಿದ್ದು ಇವತ್ತೇ ಪುಟ್ಟಿ. ಅದೂ ಬಾಯಿಗೆ ಅಂಟು ಹಾಕಿದ್ರಿಂದ."

ಅವಳಿಗೆ ಅಳು ತಡೆಯಲಾಗಲಿಲ್ಲ. ತಪ್ಪಾಯಿತು ಅಣ್ಣ ಎಂದಳು. ಅವನು ಗವಸು ಕಿತ್ತು, ಕತ್ತಲಲ್ಲೇ ಅವಳ ತಲೆ ಹುಡುಕಿ, ಚಿಕ್ಕಂದಿನಲ್ಲಿ ಸವರುತ್ತಿದ್ದಂತೆ ಸವರಿದ.

"ಆ ಕಥೆ ನಿನ್ನ ಕಾಪಾಡೋಕೆ ಕಟ್ಟಿದ್ದು ಕಣೇ. ನೀನು ದೊಡ್ಡವಳಾದ ಮೇಲೆ ಅದನ್ನ ನಿಲ್ಲಿಸಬೇಕಿತ್ತು. ನಾನು ಸಿನಿಮಾ ಮಾಡ್ಕೊಂಡು ಕೂತೆ."

ಅದೇ ಹೊತ್ತಿಗೆ ಹೊರಗೆ ಓಡಿ ಬಂದ ಹೆಜ್ಜೆಯ ಸದ್ದು. ಕಬ್ಬಿಣ ಕಿರ್ರೆಂದಿತು. ಬಾಗಿಲು ತೆರೆದು ಮಧ್ಯಾಹ್ನದ ಬಿಸಿಲು ಒಳಕ್ಕೆ ನುಗ್ಗಿತು. ಹೊಸ್ತಿಲಲ್ಲಿ, ಒಂದು ಕೈಯಲ್ಲಿ ಮರದ ಸುಳ್ಳು ಅಗುಳಿ ಹಿಡಿದು, ಮುಖದಲ್ಲಿ ರಕ್ತವಿಲ್ಲದೆ ನಿಂತಿದ್ದ ಬಡಗಿ.

ನಡೆದದ್ದು ಇಷ್ಟು. ಬಾಗಿಲ ಶಾಟುಗಳೆಲ್ಲ ಮುಗಿದವು ಎಂದುಕೊಂಡು, ಉಗ್ರಾಣದ ಯಜಮಾನನಿಗೆ ಕೊಟ್ಟ ಮಾತಿನಂತೆ ಬೆಳಗ್ಗೆ ತನ್ನ ಅಗುಳಿ ಬಿಚ್ಚಿ ಹಳೆಯದನ್ನೇ ಕೂರಿಸಿದ್ದ. ಲಾರಿ ಬಂದು, ಸಾಮಾನು ಹೇರುವಾಗ ಚೀಲದಲ್ಲಿದ್ದ ಮರದ ಅಗುಳಿ ಕೈಗೆ ತಗುಲಿತು. ಅವಳೆಲ್ಲಿ ಎಂದು ಕೇಳಿದ. ಬಾಗಿಲ ಶಾಟು, ಒಳಗಿದ್ದಾಳೆ ಎಂದರು ಕ್ಯಾಮೆರಾ ಮಾವ. ಅಷ್ಟು ಕೇಳಿದ್ದೇ ತಡ, ಹೊಲ ದಾಟಿ ಹಾರಿ ಬಂದಿದ್ದ.

ಮೂವರೂ ಹೊರಗೆ ಬಂದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಅಣ್ಣನ ಕೆನ್ನೆಯ ಚರ್ಮ ಒಂದು ಕಡೆ ಕಿತ್ತು ಬಂದಿತ್ತು. ಅವಳು ಮುಲಾಮಿನ ಡಬ್ಬಿ ತೆಗೆದಳು. ಬಡಗಿ ದೂರ ನಿಂತು, ತನ್ನಿಂದಲೇ ಹೀಗಾಯಿತು ಎಂದು ಹತ್ತು ಸಲ ಕ್ಷಮೆ ಕೇಳಿದ. ಅಷ್ಟರಲ್ಲಿ ಓಡಿಬಂದಿದ್ದ ಕ್ಯಾಮೆರಾ ಮಾವ ಹರಿದ ಮುಖವಾಡ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು.

ಅಣ್ಣ ಮುಲಾಮು ಹಚ್ಚಿಸಿಕೊಳ್ಳುತ್ತಲೇ, ಯಾರನ್ನೂ ನೋಡದೆ ಹೇಳಿದ.

"ಮಾವ, ಎರಡನೇ ಭಾಗದಲ್ಲಿ ನನ್ನ ತಂಗಿಗೆ ಪಾತ್ರ ಇಲ್ಲ."

ಅವಳ ಕೈ ನಿಂತಿತು.

"ಐದು ಸಲ ಸತ್ತಾಯ್ತು. ಸಾಕು." ಅವಳ ಮುಖ ನೋಡಿ ಹೇಳಿದ, "ಸೋಮವಾರ ಹೋಗಿ ತರಬೇತಿಗೆ ಸೇರ್ಕೊ. ಇನ್ನು ಹೋಗಿ ಬದುಕು ಪುಟ್ಟಿ."

ಅವಳು ಅಣ್ಣನ ಹೆಗಲಿಗೆ ಹಣೆ ಹಚ್ಚಿ ಬಿಕ್ಕಿದಳು. ಅವನು ಬೆನ್ನು ತಟ್ಟುತ್ತಾ, ಬಡಗಿಯ ಕಡೆ ಒಂದು ಸಲ ಗುರಾಯಿಸಿದ. ತರಬೇತಿ ಮುಗಿಯುವವರೆಗೂ ಮದುವೆ ಮಾತು ಎತ್ತಬಾರದು, ಪ್ರತಿ ಭಾನುವಾರ ಬಂದು ನೋಡುತ್ತೇನೆ, ತಂಗಿಯ ಕಣ್ಣಲ್ಲಿ ನೀರು ಕಂಡರೆ ಈ ಸಲ ನಿಜವಾದ ಕುಡುಗೋಲು ತರುತ್ತೇನೆ ಎಂದ. ಬಡಗಿ ಕಕ್ಕಾಬಿಕ್ಕಿಯಾದ. ಅವನಿಗೆ ಒಂದೂ ಅರ್ಥವಾಗಿರಲಿಲ್ಲ, ಪಾಪ. ಮದುವೆ ಯಾರದು, ಭಾನುವಾರ ಎಲ್ಲಿಗೆ?

"ನೀನೇ ಹೇಳಮ್ಮ" ಎಂದು ಅಣ್ಣ ಎದ್ದ. "ನನಗಂತೂ ಚೆನ್ನಾಗಿ ಹೇಳಿದ್ದೀಯ." ಕ್ಯಾಮೆರಾ ಮಾವನನ್ನು ತೋಳು ಹಿಡಿದು ಎಳೆದುಕೊಂಡು, ಗೋಣಿ ಅಂಗಿಯಲ್ಲೇ ಹೊಲದ ಕಡೆ ನಡೆದುಬಿಟ್ಟ.

ಇಬ್ಬರೇ ಉಳಿದರು. ದೂರದಲ್ಲಿ ಲಾರಿಯವನು ಒಂದು ಸಲ ಹಾರ್ನ್ ಹೊಡೆದ. ಬಡಗಿ ಮರದ ಅಗುಳಿಯನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದ.

"ಒಳಗೆ ಏನಾಯ್ತು ರೀ?"

"ನಿಮಗೆ ಹೇಳಬೇಕಾದ್ದನ್ನೆಲ್ಲ ಅಣ್ಣನಿಗೆ ಹೇಳಿಬಿಟ್ಟೆ." ಅವಳ ಕಿವಿಗಳು ಕೆಂಪಾದವು. "ನೀವು ಅಂತ ತಿಳ್ಕೊಂಡು."

"ಏನು ಹೇಳಿದ್ರಿ?"

ಅವಳು ಅವನನ್ನು ಕಟ್ಟೆಯ ಮೇಲೆ ಕೂರಿಸಿದಳು. ಅವನ ಎದುರು ನಿಂತು, ಬೆರಳನ್ನು ಅವನ ತುಟಿಯ ಮೇಲಿಟ್ಟಳು. ಅಂಟಿನ ಗುರುತು ಅಲ್ಲಿ ಇನ್ನೂ ಇತ್ತು. ಈ ಸಲ ಅವಳು ತಿರುಗಿ ಯಾರ ಕಡೆಯೂ ನೋಡಲಿಲ್ಲ.

"ನೀವು ಮಾತಾಡಬಾರದು. ಮೊದಲಿನ ಹಾಗೆ ಸುಮ್ಮನೆ ಕೇಳಿ. ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ನಾನು ಓದು ಮುಗಿಸೋವರೆಗೂ ಕಾಯ್ತೀರಾ?"

ದೆವ್ವವಾಗಿ ಅವಳನ್ನು ಐದು ಸಲ ಕೊಂದಿದ್ದವನ ಕಣ್ಣು ತುಂಬಿ ಬಂತು. ಅವಳ ಬೆರಳಿನ ಕೆಳಗೇ, ಬಾಯಿ ತೆರೆಯದೆ ಅವನು ಅಂದ.

"ಹ್ಞೂಂ."